ಪರ್ಸಿವಂಟ್ ಎಂಬ ಕಿರಿಯ ಅಧಿಕಾರಿ: ಗುರುತು ಹಿಡಿಯುವುದು ಹೇಗೆ, ಪತ್ರ ಬರೆಯುವುದು ಹೇಗೆ

2022ರ ಸೆಪ್ಟೆಂಬರ್ 19ರಂದು ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಯನ್ನು ಟಿವಿಯಲ್ಲಿ ನೋಡಿದವರಿಗೆ ಒಂದು ಗುಂಪು ನೆನಪಿರಬಹುದು. ಎದೆ, ಬೆನ್ನು, ತೋಳು ಎಲ್ಲಾ ಕಡೆ ಸಿಂಹ ಮತ್ತು ಹಾರ್ಪ್ ವಾದ್ಯದ ಚಿತ್ರವಿರುವ ಅಗಲದ ಅಂಗಿ ತೊಟ್ಟು ನಿಧಾನಕ್ಕೆ ಹೆಜ್ಜೆ ಹಾಕುತ್ತಿದ್ದವರು. ಅವರು ಬ್ಯಾಂಡಿನವರಲ್ಲ, ನಾಟಕದವರೂ ಅಲ್ಲ. ಲಾಂಛನ, ಬಿರುದು, ವಂಶಾವಳಿಗಳ ಲೆಕ್ಕ ಇಡಲು ರಾಜರು ನೇಮಿಸಿದ ಅಧಿಕಾರಿಗಳು. ಆ ಗುಂಪಿನಲ್ಲಿ ತೀರಾ ಕೆಳದರ್ಜೆಯವರಿಗೆ ಪರ್ಸಿವಂಟ್ ಎಂದು ಹೆಸರು. ಈ ಬರಹ ಅವರ ಬಗ್ಗೆ.

ನಾನು ಗೋಕಾಕ ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗನಾಗಿ ಶುರು ಮಾಡಿ, ಶಿರಸ್ತೇದಾರನಾಗಿ ನಿವೃತ್ತನಾದವನು. ಮಗಳು ಲಂಡನ್ನಿನಲ್ಲಿದ್ದಾಳೆ. ಬೇಸಿಗೆಗೆ ಬಂದರೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಊರಿಂದ ಬಂದ ನೆಂಟರಿಷ್ಟರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ದರ್ಜೆ, ಬಡ್ತಿ, ಫೈಲು, ಸಹಿ ಇವುಗಳಲ್ಲೇ ಜೀವನ ಕಳೆದವನಿಗೆ ಈ ಕಚೇರಿ ಕಂಡಾಗ ಕಾಲು ತಾನಾಗಿ ನಿಂತಿತು, ಸಹಜ ಅಲ್ವಾ?

ಕಚೇರಿಯ ಹೆಸರು ಕಾಲೇಜ್ ಆಫ್ ಆರ್ಮ್ಸ್. ಇಲ್ಲಿ ಪಾಠ ಮಾಡುವುದಿಲ್ಲ, ಬಂದೂಕೂ ಇಲ್ಲ. ಆರ್ಮ್ಸ್ ಎಂದರೆ ಇಲ್ಲಿ ಲಾಂಛನ. ವಿಳಾಸ 130, ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್. ಸೇಂಟ್ ಪಾಲ್ಸ್ ಚರ್ಚಿನಿಂದ ಮಿಲೆನಿಯಮ್ ಸೇತುವೆ ಕಡೆಗೆ ಇಳಿದು ಬರುವಾಗ ಸಿಗುತ್ತದೆ. ಮೂರು ಕಡೆ ಇಟ್ಟಿಗೆ ಕಟ್ಟಡ, ನಡುವೆ ಅಂಗಳ, ರಸ್ತೆ ಬದಿಗೆ ದೊಡ್ಡ ಕಬ್ಬಿಣದ ಗೇಟು. 1484ರಲ್ಲಿ ಮೂರನೇ ರಿಚರ್ಡ್ ಸನದು ಕೊಟ್ಟು ಇದನ್ನು ಸ್ಥಾಪಿಸಿದ. ಈ ಜಾಗ ಸಿಕ್ಕಿದ್ದು 1555ರಲ್ಲಿ, ಮೇರಿ ರಾಣಿಯ ಕಾಲಕ್ಕೆ. 1666ರ ಮಹಾ ಬೆಂಕಿಯಲ್ಲಿ ಹಳೆಯ ಕಟ್ಟಡ ಸುಟ್ಟುಹೋಯಿತು. ದಫ್ತರಗಳನ್ನು ಮಾತ್ರ ಹೊರಗೆ ಸಾಗಿಸಿ ಉಳಿಸಿಕೊಂಡರು. ಅವರನ್ನು ಮೆಚ್ಚಿಕೊಳ್ಳಲು ನನಗೆ ಇದೊಂದೇ ಸಾಕಿತ್ತು.

ಮೊದಲು ದರ್ಜೆಗಳನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಕಾಯಂ ಹುದ್ದೆಗಳು ಒಟ್ಟು 13. ಮೇಲೆ ಮೂವರು ಕಿಂಗ್ಸ್ ಆಫ್ ಆರ್ಮ್ಸ್: ಗಾರ್ಟರ್, ಕ್ಲಾರೆನ್ಸೂ, ನಾರಾಯ್ ಅಂಡ್ ಅಲ್ಸ್ಟರ್. ಹೆಸರಲ್ಲಿ ಕಿಂಗ್ ಇದ್ದರೂ ಇವರು ಅಧಿಕಾರಿಗಳೇ. ನಡುವೆ ಆರು ಹೆರಾಲ್ಡ್‌ಗಳು: ಚೆಸ್ಟರ್, ಲ್ಯಾಂಕಾಸ್ಟರ್, ರಿಚ್ಮಂಡ್, ಸಾಮರ್ಸೆಟ್, ವಿಂಡ್ಸರ್, ಯಾರ್ಕ್. ಕೆಳಗೆ ನಾಲ್ವರು ಪರ್ಸಿವಂಟ್‌ಗಳು: ಬ್ಲೂಮ್ಯಾಂಟಲ್, ಪೋರ್ಟ್‌ಕಲಿಸ್, ರೂಜ್ ಕ್ರುವಾ, ರೂಜ್ ಡ್ರ್ಯಾಗನ್. ಎಲ್ಲರ ಮೇಲೆ ಅರ್ಲ್ ಮಾರ್ಷಲ್. ಆ ಹುದ್ದೆ ನಾರ್ಫೋಕಿನ ಡ್ಯೂಕ್ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದದ್ದು. ಅವರು ಶಿಫಾರಸು ಮಾಡಿದವರನ್ನು ರಾಜರು ನೇಮಿಸುತ್ತಾರೆ.

ಮೆರವಣಿಗೆಯಲ್ಲಿ ಪರ್ಸಿವಂಟನ್ನು ಹುಡುಕುವುದು ಹೇಗೆ? ಬಣ್ಣ ನೋಡಿ ಹುಡುಕಬೇಡಿ, ಪ್ರಯೋಜನವಿಲ್ಲ. ಆ ಅಂಗಿಗೆ ಟ್ಯಾಬರ್ಡ್ ಎನ್ನುತ್ತಾರೆ. ಮೂರೂ ದರ್ಜೆಯವರ ಟ್ಯಾಬರ್ಡ್ ಮೇಲೆ ಇರುವುದು ನಾಲ್ಕು ಮನೆಗಳಾಗಿ ಭಾಗ ಮಾಡಿದ ಅದೇ ರಾಜಲಾಂಛನ: ಇಂಗ್ಲೆಂಡಿನ ಮೂರು ಸಿಂಹ ಎರಡು ಮನೆಗಳಲ್ಲಿ, ಸ್ಕಾಟ್ಲೆಂಡಿನ ಕೆಂಪು ಸಿಂಹ ಒಂದರಲ್ಲಿ, ಐರ್ಲೆಂಡಿನ ಹಾರ್ಪ್ ಒಂದರಲ್ಲಿ. ವ್ಯತ್ಯಾಸ ಬಟ್ಟೆಯಲ್ಲಿದೆ. ಕಿಂಗ್ಸ್ ಆಫ್ ಆರ್ಮ್ಸ್‌ಗೆ ಮಖಮಲ್ಲು. ಹೆರಾಲ್ಡ್‌ಗಳಿಗೆ ಸ್ಯಾಟಿನ್. ಪರ್ಸಿವಂಟ್‌ಗಳಿಗೆ ಡಮಾಸ್ಕ್, ಅಂದರೆ ನೇಯ್ಗೆಯಲ್ಲೇ ಹೂಬಳ್ಳಿ ಮೂಡುವ ರೇಷ್ಮೆ. ದೂರದಿಂದ ಇದು ಗೊತ್ತಾಗುವುದಿಲ್ಲ. ಹತ್ತಿರ ಬಂದಾಗ ಬೆಳಕು ಬಿದ್ದರೆ ಮಖಮಲ್ಲು ಬೆಳಕನ್ನು ನುಂಗುತ್ತದೆ, ಸ್ಯಾಟಿನ್ ಒಂದೇ ಸಮ ಹೊಳೆಯುತ್ತದೆ, ಡಮಾಸ್ಕಿನ ಮೇಲೆ ಹೂಬಳ್ಳಿ ಕಂಡು ಮಾಯವಾಗುತ್ತದೆ. ಇಳಕಲ್ಲು, ಮೊಳಕಾಲ್ಮೂರು ಸೀರೆ ಆರಿಸಿ ಅಭ್ಯಾಸವಿರುವ ಹೆಣ್ಣುಮಕ್ಕಳು ಇದನ್ನು ನನಗಿಂತ ಬೇಗ ಹಿಡಿಯುತ್ತಾರೆ.

ಬಟ್ಟೆ ಗೊತ್ತಾಗದಿದ್ದರೆ ಕುತ್ತಿಗೆ ನೋಡಿ. ಹೆರಾಲ್ಡ್‌ಗಳಿಗೂ ಕಿಂಗ್‌ಗಳಿಗೂ ಎಸ್ ಆಕಾರದ ಕೊಂಡಿಗಳನ್ನು ಜೋಡಿಸಿದ ಸರ ಇರುತ್ತದೆ. ಹೆರಾಲ್ಡ್‌ಗೆ ಬೆಳ್ಳಿಯದು, ಕಿಂಗ್‌ಗೆ ಚಿನ್ನದ ನೀರು ಕೊಟ್ಟ ಬೆಳ್ಳಿಯದು. ಪರ್ಸಿವಂಟ್‌ಗೆ ಆ ಸರ ಇಲ್ಲ. ಇದೇ ಸುಲಭದ ಗುರುತು. ಪಟ್ಟಾಭಿಷೇಕದಲ್ಲಿ ತಲೆಯ ಮೇಲೆ ಕಿರೀಟ ಇಡುವ ಹಕ್ಕೂ ಕಿಂಗ್ಸ್ ಆಫ್ ಆರ್ಮ್ಸ್‌ಗೆ ಮಾತ್ರ.

ಮೂರನೆಯದು ಸಾಲು. ನಮ್ಮಲ್ಲಿ ದೊಡ್ಡವರು ಮುಂದೆ, ಚಿಕ್ಕವರು ಹಿಂದೆ. ಇಲ್ಲಿ ಕಿರಿಯರು ಮುಂದೆ ನಡೆಯುತ್ತಾರೆ, ಹಿರಿಯರು ರಾಜರಿಗೆ ಹತ್ತಿರವಾಗಿ ಹಿಂದೆ ಬರುತ್ತಾರೆ. ಹಾಗಾಗಿ ಟ್ಯಾಬರ್ಡಿನವರ ಗುಂಪು ಕಾಣಿಸಿದ ಕೂಡಲೇ ಮುಂದಿನವರ ಮೇಲೆ ಕಣ್ಣಿಡಿ. ಕ್ಯಾಮೆರಾ ಹುಡುಕುತ್ತಾ ಕೂತರೆ ಅಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ.

ಹಳೆಯ ಕಾಲದಲ್ಲಿ ಇನ್ನೂ ಚೆಂದದ ಗುರುತೊಂದಿತ್ತು. ಪರ್ಸಿವಂಟ್ ತನ್ನ ಟ್ಯಾಬರ್ಡನ್ನು ಅಡ್ಡಡ್ಡ ತೊಡಬೇಕಿತ್ತು. ತೋಳಿನ ತುಂಡುಗಳು ಎದೆ ಮತ್ತು ಬೆನ್ನಿನ ಮೇಲೆ, ಎದೆ ಬೆನ್ನಿನ ದೊಡ್ಡ ತುಂಡುಗಳು ಭುಜದಿಂದ ಜೋಲುತ್ತಾ ತೋಳಿನ ಮೇಲೆ. ಹೆರಾಲ್ಡ್ ಆಗಿ ಬಡ್ತಿ ಸಿಕ್ಕ ದಿನ ಅದೇ ಅಂಗಿಯನ್ನು ನೇರಕ್ಕೆ ತಿರುಗಿಸುತ್ತಿದ್ದರು. ಬಡ್ತಿ ಆದೇಶ ಓದಬೇಕಾಗಿಯೇ ಇಲ್ಲ, ನೋಡಿದ ಕೂಡಲೇ ಗೊತ್ತು. 17ನೇ ಶತಮಾನ ಮುಗಿಯುವ ಹೊತ್ತಿಗೆ ಈ ಪದ್ಧತಿ ನಿಂತಿತು. ನನ್ನ ಕೇಳಿದರೆ ಉಳಿಸಿಕೊಳ್ಳಬೇಕಿತ್ತು.

ಇವರನ್ನು ಎಲ್ಲಿ ನೋಡಬಹುದು ಎಂದರೆ, ಜೂನ್ ತಿಂಗಳ ಒಂದು ಸೋಮವಾರ ವಿಂಡ್ಸರ್ ಕೋಟೆಯಲ್ಲಿ ನಡೆಯುವ ಗಾರ್ಟರ್ ಮೆರವಣಿಗೆಯೇ ಒಳ್ಳೆಯದು (ಇಲ್ಲಿ ಗಾರ್ಟರ್ ಎಂದರೆ ಆ ಅಧಿಕಾರಿಯಲ್ಲ, ರಾಜರು ಕೊಡುವ ಒಂದು ಬಿರುದು). ಒಳಗೆ ನಿಂತು ನೋಡಲು ಮುಂಚೆಯೇ ಟಿಕೆಟ್ ಪಡೆಯಬೇಕು. ಪಾರ್ಲಿಮೆಂಟಿನ ಅಧಿವೇಶನವನ್ನು ರಾಜರು ಉದ್ಘಾಟಿಸುವ ದಿನವೂ ಬರುತ್ತಾರೆ, ಆದರೆ ಅದು ಕಟ್ಟಡದ ಒಳಗೆ. ಟಿವಿಯೇ ಗತಿ.

ಈಗ ನಾಲ್ಕು ಹೆಸರುಗಳು. ಇವು ಆ ವ್ಯಕ್ತಿಗಳ ಹೆಸರಲ್ಲ, ಕುರ್ಚಿಯ ಹೆಸರು. ಕೂತವರು ಬದಲಾಗುತ್ತಾರೆ, ಹೆಸರು ಬದಲಾಗುವುದಿಲ್ಲ. ನೆನಪಿಡಲು ಬಾಯಿಪಾಠ ಬೇಡ, ಲಂಡನ್ನಿನಲ್ಲಿ ಕಣ್ಣಿಗೆ ಬೀಳುವ ವಸ್ತುಗಳೇ ಸಾಕು.

ಪೋರ್ಟ್‌ಕಲಿಸ್ ಎಂದರೆ ಕೋಟೆ ಬಾಗಿಲಲ್ಲಿ ಮೇಲಿಂದ ಇಳಿಬಿಡುವ ಚೂಪು ಹಲ್ಲಿನ ಕಬ್ಬಿಣದ ಜಾಲರಿ. ಊರಿಂದ ಬಂದವರನ್ನು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಮೂರ್ತಿಗೆ ಕರೆದೊಯ್ಯದೆ ಬಿಡುವ ಹಾಗಿಲ್ಲ. 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಅಲ್ಲಿಂದ ನದಿ ದಾಟಿ ವೆಸ್ಟ್‌ಮಿನ್‌ಸ್ಟರ್ ಕಡೆಗೆ ನಡೆದರೆ ಪಾರ್ಲಿಮೆಂಟ್. ಆ ಪಾರ್ಲಿಮೆಂಟಿನ ಗುರುತೇ ಎರಡೂ ಬದಿ ಸರಪಳಿ ಜೋಲುವ ಈ ಜಾಲರಿ. ಎದುರಿನ ಕಟ್ಟಡದ ಹೆಸರು ಕೂಡ ಪೋರ್ಟ್‌ಕಲಿಸ್ ಹೌಸ್. 2008ಕ್ಕಿಂತ ಹಳೆಯ ಒಂದು ಪೆನ್ನಿ ನಾಣ್ಯ ಸಿಕ್ಕರೆ ಹಿಂದುಮುಂದು ತಿರುಗಿಸಿ ನೋಡಿ, ಅಲ್ಲೂ ಇದೇ, ಮೇಲೊಂದು ಕಿರೀಟ. ಮೊದಲಿಗೆ ಇದು ಬೋಫರ್ಟ್ ಮನೆತನದ ಗುರುತು. ಏಳನೇ ಹೆನ್ರಿಯ ತಾಯಿ ಮಾರ್ಗರೆಟ್ ಬೋಫರ್ಟ್. ಅವನು ರಾಜನಾದಾಗ ತಾಯಿಯ ಮನೆಯ ಗುರುತನ್ನು ಒಬ್ಬ ಅಧಿಕಾರಿಯ ಹೆಸರಾಗಿ ಇಟ್ಟ.

ರೂಜ್ ಡ್ರ್ಯಾಗನ್ ಕೂಡ ಅದೇ ಹೆನ್ರಿಯ ಸೃಷ್ಟಿ. 1485ರ ಅಕ್ಟೋಬರ್ 29, ಅವನ ಪಟ್ಟಾಭಿಷೇಕದ ಹಿಂದಿನ ದಿನ. ವೇಲ್ಸಿನ ಬಾವುಟದ ಕೆಂಪು ಡ್ರ್ಯಾಗನ್ ನೋಡಿದ್ದೀರಲ್ಲ, ಅದೇ. ಹೆನ್ರಿ ತಾನು ವೇಲ್ಸಿನ ಹಳೆಯ ರಾಜ ಕ್ಯಾಡ್ವಾಲಡರನ ವಂಶದವನು ಎಂದು ಹೇಳಿಕೊಳ್ಳುತ್ತಿದ್ದ. ಕತ್ತಿಯಿಂದ ಗೆದ್ದ ಸಿಂಹಾಸನಕ್ಕೆ ವಂಶಾವಳಿಯ ಆಸರೆ ಬೇಕಾಗುತ್ತದೆ. ನಮ್ಮ ಅರಸು ಮನೆತನಗಳೂ ಯದುವಂಶ, ಚಂದ್ರವಂಶ ಎಂದು ಬರೆಸಿಕೊಂಡಿದ್ದು ಸುಮ್ನೆ ಅಲ್ಲವಲ್ಲ.

ರೂಜ್ ಕ್ರುವಾ ಸುಲಭ: ಬಿಳಿಯ ಮೇಲೆ ಕೆಂಪು ಶಿಲುಬೆ, ಸೇಂಟ್ ಜಾರ್ಜನದು. ಫುಟ್‌ಬಾಲ್ ಪಂದ್ಯದ ದಿನ ಪ್ರತಿ ಪಬ್ಬಿನ ಮುಂದೆ ನೇತಾಡುತ್ತದೆ. ನಾಲ್ಕರಲ್ಲಿ ಇದೇ ಹಳೆಯ ಹುದ್ದೆ ಎನ್ನುತ್ತಾರೆ. ಬ್ಲೂಮ್ಯಾಂಟಲ್‌ನ ಗುರುತು ನೀಲಿ ನಿಲುವಂಗಿ, ಒಳಗೆ ಬಿಳಿ ತುಪ್ಪಳದ ಅಸ್ತರು. ಹೆಸರು ಹಳೆಯದು ಎಂದ ಮಾತ್ರಕ್ಕೆ ರೂಜ್ ಕ್ರುವಾ ಉಳಿದವರಿಗಿಂತ ಹಿರಿಯ ಎಂದುಕೊಳ್ಳಬೇಡಿ. ಒಂದೇ ದರ್ಜೆಯೊಳಗೆ ಯಾರು ಮೊದಲು ಸೇರಿದರೋ ಅವರು ಹಿರಿಯರು. ನಮ್ಮ ಸೀನಿಯಾರಿಟಿ ಪಟ್ಟಿಯ ಲೆಕ್ಕವೇ.

ಬಡ್ತಿ ಹೇಗೆ ಎಂದು ತಿಳಿಯಲು ವಿಲಿಯಂ ಡಗ್ಡೇಲ್ ಎಂಬುವರ ಸೇವಾ ಪುಸ್ತಕ ನೋಡಿದರೆ ಸಾಕು. 1638ರಲ್ಲಿ ಬ್ಲಾಂಚ್ ಲಯನ್ ಎಂಬ ಹೆಚ್ಚುವರಿ ಪರ್ಸಿವಂಟ್. ಸ್ವಲ್ಪ ದಿನದಲ್ಲೇ ರೂಜ್ ಕ್ರುವಾ. 1644ರಲ್ಲಿ ಚೆಸ್ಟರ್ ಹೆರಾಲ್ಡ್. 1660ರಲ್ಲಿ ನಾರಾಯ್. 1677ರಲ್ಲಿ ಎಲ್ಲರ ಮೇಲಿನ ಗಾರ್ಟರ್. ನಮ್ಮ ಕಾಲದಲ್ಲೂ ಏಣಿ ಹಾಗೆಯೇ ಇದೆ. ಡೇವಿಡ್ ವೈಟ್ 1995ರಲ್ಲಿ ರೂಜ್ ಕ್ರುವಾ, 2004ರಲ್ಲಿ ಸಾಮರ್ಸೆಟ್ ಹೆರಾಲ್ಡ್, 2021ರಲ್ಲಿ ಗಾರ್ಟರ್. 2022ರ ಸೆಪ್ಟೆಂಬರ್ 10ರಂದು ಸೇಂಟ್ ಜೇಮ್ಸ್ ಅರಮನೆಯ ಮಾಡದಿಂದ ಚಾರ್ಲ್ಸ್ ರಾಜನಾದ ಘೋಷಣೆ ಓದಿದವರು ಅವರೇ.

ಏಣಿ ಹತ್ತದೆ ನೇರವಾಗಿ ಮೇಲೆ ಇಳಿದವರೂ ಇದ್ದಾರೆ. 1597ರಲ್ಲಿ ವಿಲಿಯಂ ಕ್ಯಾಮ್ಡನ್ ಎಂಬ ಪಂಡಿತ ಸ್ಕೂಲ್ ಮೇಷ್ಟ್ರನ್ನು ಒಂದು ದಿನದ ಮಟ್ಟಿಗೆ ರಿಚ್ಮಂಡ್ ಹೆರಾಲ್ಡ್ ಮಾಡಿ, ಮರುದಿನವೇ ಕ್ಲಾರೆನ್ಸೂ ಕುರ್ಚಿಗೆ ಕೂರಿಸಿದರು. ರೂಜ್ ಕ್ರುವಾದಿಂದ ಶುರು ಮಾಡಿ ಯಾರ್ಕ್ ಹೆರಾಲ್ಡ್ ಆಗಿದ್ದ ರಾಲ್ಫ್ ಬ್ರೂಕ್‌ಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಕ್ಯಾಮ್ಡನ್ ಬರೆದ ಪುಸ್ತಕದಲ್ಲಿ ವಂಶಾವಳಿಯ ತಪ್ಪು ಹುಡುಕಿ ಹುಡುಕಿ ಅಚ್ಚು ಹಾಕಿಸಿದ. ನಾನು ಬ್ರೂಕ್ ಪಕ್ಷ. ತಪ್ಪು ಹುಡುಕಿದ್ದು ಜಗಳಕ್ಕೇ ಆಗಿದ್ದರೂ, ಕೆಳಗಿನಿಂದ ಬಂದವನಿಗೆ ದಫ್ತರ ಗೊತ್ತಿರುತ್ತದೆ.

ಅಂದಹಾಗೆ, ಪರ್ಸಿವಂಟ್‌ನ ಸಂಬಳ ಎಷ್ಟು ಗೊತ್ತಾ? ವರ್ಷಕ್ಕೆ 13.95 ಪೌಂಡ್. ತಿಂಗಳಿಗಲ್ಲ, ವರ್ಷಕ್ಕೆ. ಹೆರಾಲ್ಡ್‌ಗೆ 17.80, ಗಾರ್ಟರ್‌ಗೆ 49.07. ನಾಲ್ಕನೇ ವಿಲಿಯಂ ಕಾಲಕ್ಕೆ, 1830ರ ದಶಕದಲ್ಲಿ ನಿಗದಿಯಾದದ್ದು ಇನ್ನೂ ಹಾಗೇ ಇದೆ. ಹೊಟ್ಟೆಪಾಡು ನಡೆಯುವುದು ಕಕ್ಷಿದಾರರಿಂದ. ವಂಶಾವಳಿ ಹುಡುಕಿ ಕೊಡುವುದು, ಲಾಂಛನದ ಅರ್ಜಿ ನಡೆಸುವುದು, ಅದಕ್ಕೆ ಶುಲ್ಕ ಪಡೆಯುವುದು. ಪಕ್ಕದಲ್ಲಿ ಬೇರೆ ಕಸುಬು ಇದ್ದವರೂ ಇದ್ದರು. ಜೇಮ್ಸ್ ಪ್ಲಾಂಶೆ ಎಂಬ ನಾಟಕಕಾರ 1854ರಲ್ಲಿ ರೂಜ್ ಕ್ರುವಾ ಆದ, 1866ರಲ್ಲಿ ಸಾಮರ್ಸೆಟ್ ಹೆರಾಲ್ಡ್. ರಂಗಭೂಮಿಯ ವೇಷಭೂಷಣ ಆಯಾ ಕಾಲಕ್ಕೆ ತಕ್ಕಂತೆ ಇರಬೇಕು ಎಂದು ಹಟ ಹಿಡಿದವನು ಅವನು.

ಇಲ್ಲೊಂದು ಮುಖ್ಯ ಮಾತು. ಕಿರಿಯ ಅಧಿಕಾರಿ ಎಂದು ಕೇಳಿ ಜನ ಅವನನ್ನು ದಾಟಿಕೊಂಡು ನೇರ ಗಾರ್ಟರ್‌ಗೇ ಬರೆಯಲು ನೋಡುತ್ತಾರೆ. ಬೇಡ. ತಾಲ್ಲೂಕು ಕಚೇರಿಯಲ್ಲಿ ಸಹಿ ತಹಶೀಲ್ದಾರರದು, ಆದರೆ ಫೈಲು ಕಟ್ಟುವವನು ಕೇಸ್ ವರ್ಕರ್. ಅವನಿಗೆ ಕಾಗದ ಸರಿಯಾಗಿ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಇಲ್ಲೂ ಹಾಗೆಯೇ. ಲಾಂಛನ ಕೊಡುವ ಅಧಿಕಾರ ಕಿಂಗ್ಸ್ ಆಫ್ ಆರ್ಮ್ಸ್‌ಗೆ ಮಾತ್ರ. ಅದಕ್ಕೆ ಮುಂಚಿನ ಕೆಲಸವೆಲ್ಲ, ಅಂದರೆ ಅರ್ಜಿ ಬರೆಯುವುದು, ದಾಖಲೆ ತಾಳೆ ನೋಡುವುದು, ಇಂಥದೇ ಲಾಂಛನ ಬೇರೆಯವರಿಗೆ ಮೊದಲೇ ಹೋಗಿದೆಯೇ ಎಂದು ಹುಡುಕುವುದು, ವಿನ್ಯಾಸ ಹೊಂದಿಸುವುದು, ಇದನ್ನೆಲ್ಲ ಒಬ್ಬ ಹೆರಾಲ್ಡ್ ಮಾಡಬಹುದು, ಪರ್ಸಿವಂಟ್ ಕೂಡ ಮಾಡಬಹುದು. ಕೊನೆಗೆ ತೊಗಲಿನ ಹಾಳೆಯ ಮೇಲೆ ಬಣ್ಣದಲ್ಲಿ ಬರೆದ ಸನದಿಗೆ ಕಿಂಗ್‌ಗಳ ಸಹಿ, ಮೊಹರು ಬೀಳುತ್ತದೆ.

ಪತ್ರ ಬರೆಯುವ ಕ್ರಮ ಹೀಗೆ. ಯಾರ ಪರಿಚಯವೂ ಇಲ್ಲದಿದ್ದರೆ ಆಫೀಸರ್ ಇನ್ ವೇಟಿಂಗ್ ಎಂದು ಬರೆದು ಕಾಲೇಜಿನ ವಿಳಾಸಕ್ಕೆ ಕಳಿಸಿ. ಹೆರಾಲ್ಡ್‌ಗಳೂ ಪರ್ಸಿವಂಟ್‌ಗಳೂ ಸರದಿಯ ಮೇಲೆ ಆ ಕೆಲಸ ನೋಡುತ್ತಾರೆ. ಆ ಹೊತ್ತಿಗೆ ಸರದಿಯಲ್ಲಿದ್ದವರ ಕೈಗೆ ನಿಮ್ಮ ವಿಷಯ ಹೋಗುತ್ತದೆ. ಇಂಥವರೇ ಬೇಕು ಎಂದಿದ್ದರೆ ಲಕೋಟೆಯ ಮೇಲೆ ಮೊದಲು ಅವರ ಸ್ವಂತ ಹೆಸರು, ಆಮೇಲೆ ಹುದ್ದೆ: ಇಂಥವರು, ರೂಜ್ ಡ್ರ್ಯಾಗನ್ ಪರ್ಸಿವಂಟ್. ಪತ್ರದ ಒಳಗೆ ಸ್ವಂತ ಹೆಸರಿನಿಂದ ಕರೆದರೆ ಸಾಕು. ಮಿಸ್ಟರ್ ಡ್ರ್ಯಾಗನ್ ಎಂದು ದಯವಿಟ್ಟು ಬರೆಯಬೇಡಿ. ನನ್ನ ಅಳಿಯ ತಮಾಷೆಗೆ ಹೇಳಿದ್ದನ್ನು ಮೊಮ್ಮಗ ನಿಜ ಎಂದೇ ನಂಬಿ ಕೂತಿದ್ದಾನೆ.

ಪತ್ರದಲ್ಲಿ ಏನು ಬೇಕು ಎಂದು ಮೊದಲ ಸಾಲಲ್ಲೇ ಹೇಳಿ. ಲಾಂಛನ ಬೇಕೋ, ಹಳೆಯ ಲಾಂಛನ ಯಾರದು ಎಂದು ಗುರುತಿಸಬೇಕೋ, ವಂಶಾವಳಿ ದಾಖಲಿಸಬೇಕೋ. ಲಾಂಛನದ ಅರ್ಜಿ ಇಲ್ಲಿ ಪೌರತ್ವ ಪಡೆದು ನೆಲೆಸಿದವರಿಗೆ ಸಲ್ಲುವ ವಿಷಯ. ನನ್ನಂತೆ ವೀಸಾ ಮೇಲೆ ಬಂದು ಹೋಗುವವರು ಅಂಗಳ ನೋಡಿಕೊಂಡು ಬಂದರಾಯಿತು. ಖರ್ಚು ಸಾವಿರಾರು ಪೌಂಡ್. ಆಗಾಗ ಏರುತ್ತದೆ, ಆದ್ದರಿಂದ ಆ ಹೊತ್ತಿನ ಶುಲ್ಕವನ್ನು ಪತ್ರದಲ್ಲೇ ಕೇಳಿಬಿಡಿ. ನಾಚಿಕೆ ಬೇಡ.

ಕನ್ನಡದವರಿಗೆ ತೊಡಕು ಬರುವುದು ಹೆಸರಿನಲ್ಲಿ. ಇಲ್ಲಿನವರ ವಂಶಾವಳಿ ಮನೆತನದ ಹೆಸರಿನ ದಾರ ಹಿಡಿದು ಹೋಗುತ್ತದೆ. ನಮ್ಮಲ್ಲಿ ಅಪ್ಪನ ಹೆಸರಿನ ಕೊನೆಗೆ ಇರುವುದು ಮಗನಿಗೆ ಇರುವುದಿಲ್ಲ. ಹಳೇ ಮೈಸೂರು ಕಡೆಯವರಿಗೆ ಮುಂದೆ ಎರಡು ಇನಿಷಿಯಲ್, ಒಂದು ಊರು, ಒಂದು ಅಪ್ಪ. ನಮ್ಮ ಬೆಳಗಾವಿ ಕಡೆ ಅಡ್ಡಹೆಸರು ಇರುತ್ತದೆ, ಆದರೆ ಶಾಲೆಯ ದಾಖಲೆಯಲ್ಲಿ ಒಂದು, ಜಮೀನಿನ ಉತಾರದಲ್ಲಿ ಇನ್ನೊಂದು. ಹಾಗಾಗಿ ಪತ್ರದ ಜೊತೆ ಒಂದು ಹಾಳೆ ಇಡಿ. ಪ್ರತಿಯೊಬ್ಬರ ಇನಿಷಿಯಲ್ ಬಿಡಿಸಿ ಬರೆಯಿರಿ, ಯಾವುದು ಊರು, ಯಾವುದು ತಂದೆಯ ಹೆಸರು, ಯಾವುದು ಮನೆತನ ಎಂದು ಗುರುತು ಹಾಕಿ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದ್ದರೆ ಅದರ ಇಂಗ್ಲಿಷ್ ಅನುವಾದ ಲಗತ್ತಿಸಿ. ಎಷ್ಟೋ ವಂಶವೃಕ್ಷಗಳಿಗೆ ನಾನೇ ಮನೆ ಮನೆ ತಿರುಗಿ ವಿಚಾರಣೆ ಮಾಡಿ ವರದಿ ಬರೆದಿದ್ದೇನೆ. ಆಸ್ತಿ ಹಂಚಿಕೆಗೆಂದು ಮಾಡಿಸಿದವುಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದು ಜಾಸ್ತಿ. ಕಳಿಸುವ ಮುಂಚೆ ಅತ್ತೆ, ಅಜ್ಜಿಯರನ್ನೆಲ್ಲ ಸೇರಿಸಿ.

ಉತ್ತರ ಕರ್ನಾಟಕದವರಾದರೆ ಇನ್ನೊಂದು ದಾರಿಯಿದೆ, ಹೆಳವರು. ಎತ್ತಿನ ಜೊತೆ ಊರೂರು ತಿರುಗಿ, ಮನೆ ಮುಂದೆ ನಿಂತು ನಿಮ್ಮ ಮೂಲ ಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೇಳಿ, ಹೊಸ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವವರು. ಇಂಗ್ಲೆಂಡಿನಲ್ಲೂ ಇಂಥದೇ ತಿರುಗಾಟ ಇತ್ತು. 1530ರಿಂದ 1688ರವರೆಗೆ ಕಿಂಗ್ಸ್ ಆಫ್ ಆರ್ಮ್ಸ್ ಜಿಲ್ಲೆ ಜಿಲ್ಲೆಗೆ ಹೋಗಿ ದೊಡ್ಡ ಮನೆತನಗಳ ವಂಶಾವಳಿ ಬರೆದುಕೊಳ್ಳುತ್ತಿದ್ದರು. ತಾವು ಹೋಗಲು ಆಗದ ಕಡೆ ಹೆರಾಲ್ಡ್‌ಗಳನ್ನೂ ಪರ್ಸಿವಂಟ್‌ಗಳನ್ನೂ ಕಳಿಸುತ್ತಿದ್ದರು. ಹಕ್ಕಿಲ್ಲದೆ ಲಾಂಛನ ಹಾಕಿಕೊಂಡವರ ಹೆಸರನ್ನು ಊರಲ್ಲಿ ಬಹಿರಂಗವಾಗಿ ಸಾರುತ್ತಿದ್ದರು. ಆ ಬರಹಗಳಲ್ಲಿ ಹೆಚ್ಚಿನವು ಇದೇ ಕಟ್ಟಡದಲ್ಲಿವೆ. ನಮ್ಮ ಹೆಳವರ ಚೋಪಡಿಗಳಿಗೆ, ಅಂದರೆ ವಂಶಾವಳಿ ಬರೆದಿಡುವ ಪುಸ್ತಕಗಳಿಗೆ, ಇಂಥದೊಂದು ಕಟ್ಟಡ ಇಲ್ಲ. ನಿಮ್ಮ ಮನೆಗೆ ಬರುವ ಹೆಳವರು ಇನ್ನೂ ಬರುತ್ತಿದ್ದರೆ ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೈಬಿಚ್ಚಿ ಕೊಡಿ.

ನಿಮ್ಮ ಅಡ್ಡಹೆಸರಿನ ಲಾಂಛನ ಎಂದು ಮಗ್ಗು, ಫಲಕ ಮಾರುವ ಅಂಗಡಿಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ ಕೊಡುವಂಥದು. ಒಂದೇ ಅಡ್ಡಹೆಸರಿನ ಎಲ್ಲರಿಗೂ ಸೇರಿದ ಲಾಂಛನ ಎಂಬುದು ಇಲ್ಲವೇ ಇಲ್ಲ. ಪಾಟೀಲ್ ಎಂಬ ಹೆಸರಿನ ಗುರಾಣಿಯೊಂದನ್ನು ನಾನೇ ನೋಡಿದ್ದೇನೆ, ಎರಡು ಸಿಂಹ, ಒಂದು ಶಿರಸ್ತ್ರಾಣ. ಯಾವ ಪಾಟೀಲರದೋ!

ಭಾರತಕ್ಕೂ ಈ ಪದ್ಧತಿ ಬಂದಿತ್ತು. 1877ರ ದೆಹಲಿ ದರ್ಬಾರಿನಲ್ಲಿ ಮೇಜರ್ ಬಾರ್ನ್ಸ್ ಎಂಬ ಸೈನ್ಯಾಧಿಕಾರಿ ಹೆರಾಲ್ಡ್ ಆಗಿ ಘೋಷಣೆ ಓದಿದ. ಸಂಸ್ಥಾನಗಳಿಗೆ ಕೊಡಲೆಂದು ಲಾಂಛನದ ಧ್ವಜಗಳನ್ನು ಬಂಗಾಳದ ಸಿವಿಲ್ ಅಧಿಕಾರಿ ರಾಬರ್ಟ್ ಟೇಲರ್ ರೂಪಿಸಿದ್ದ. 1911ರ ದರ್ಬಾರಿಗೆ ಪೇಟನ್ ಎಂಬ ಸೈನ್ಯಾಧಿಕಾರಿ ದೆಹಲಿ ಹೆರಾಲ್ಡ್, ಅವನ ಕೈಕೆಳಗೆ ಪಂಜಾಬಿನ ಮಲಿಕ್ ಉಮರ್ ಹಯಾತ್ ಖಾನ್ ಸಹಾಯಕ ಹೆರಾಲ್ಡ್. ಇವು ಆ ಸಮಾರಂಭದ ಹುದ್ದೆಗಳು, ಲಂಡನ್ನಿನ 13ರಲ್ಲಿ ಸೇರಿದವಲ್ಲ. ನಮ್ಮ ರಾಜ್ಯದ ಲಾಂಛನವನ್ನೇ ನೋಡಿ: ನಡುವೆ ಗುರಾಣಿಯಲ್ಲಿ ಗಂಡಭೇರುಂಡ, ಎರಡು ಬದಿಗೆ ಆನೆಮುಖದ ಸಿಂಹಗಳು, ಮೇಲೆ ಅಶೋಕನ ಸಿಂಹ, ಕೆಳಗೆ ಪಟ್ಟಿಯಲ್ಲಿ ಧ್ಯೇಯವಾಕ್ಯ. ಹಕ್ಕಿ ನಮ್ಮದು, ಜೋಡಿಸಿದ ಕ್ರಮ ಇಂಗ್ಲೆಂಡಿನದು.

ಕೊನೆಗೆ ಕೆಲವು ಬಿಡಿ ಮಾಹಿತಿ. ಹುದ್ದೆಯ ಕೊನೆಗೆ ಎಕ್ಸ್‌ಟ್ರಾಆರ್ಡಿನರಿ ಎಂದಿದ್ದರೆ ಹೆದರಬೇಡಿ, ಅದು ವಿಶೇಷ ಬಡ್ತಿ ಅಲ್ಲ. ಸಮಾರಂಭಗಳಿಗೆ ಬರುವ, ಕಾಲೇಜಿನ ಸದಸ್ಯರಲ್ಲದ ಹೆಚ್ಚುವರಿ ಅಧಿಕಾರಿ ಎಂದಷ್ಟೇ. ಸ್ಕಾಟ್ಲೆಂಡಿನದು ಬೇರೆಯೇ ಕಚೇರಿ, ಎಡಿನ್‌ಬರೋದ ಲಾರ್ಡ್ ಲಯನ್ ಕೋರ್ಟು. ಅಲ್ಲಿನ ಟ್ಯಾಬರ್ಡಿನಲ್ಲಿ ಕೆಂಪು ಸಿಂಹ ಎರಡು ಮನೆಗಳಲ್ಲಿರುತ್ತದೆ. ಪರ್ಸಿವಂಟ್‌ಗಳ ಹೆಸರೂ ಬೇರೆ: ಯೂನಿಕಾರ್ನ್, ಕ್ಯಾರಿಕ್, ಬ್ಯೂಟ್, ಡಿಂಗ್ವಾಲ್ ಇತ್ಯಾದಿ. ಎಲಿಜಬೆತ್ ರೋಡ್ಸ್ 1987ರಲ್ಲಿ ಲಿನ್‌ಲಿತ್‌ಗೋ ಎಂಬ ಹೆಚ್ಚುವರಿ ಪರ್ಸಿವಂಟ್ ಆಗಿ, 1992ರಲ್ಲಿ ಕ್ಯಾರಿಕ್, 2010ರಲ್ಲಿ ಸ್ನಾಡನ್ ಹೆರಾಲ್ಡ್ ಆದದ್ದು ಅಲ್ಲಿಯೇ. ಕೆಲವು ದೊಡ್ಡ ಮನೆತನಗಳು ಅಲ್ಲಿ ಖಾಸಗಿ ಪರ್ಸಿವಂಟನ್ನೂ ಇಟ್ಟುಕೊಂಡಿವೆ. ಎರಲ್ ಮನೆತನದ ಪರ್ಸಿವಂಟ್‌ಗೆ ಸ್ಲೇನ್ಸ್ ಎಂದು ಹೆಸರು, ಕ್ರಾಫರ್ಡ್ ಮನೆತನದವನಿಗೆ ಎಂಡ್ಯೂರ್. ಕೆನಡಾದಲ್ಲಿರುವ ಕನ್ನಡಿಗರು ಲಂಡನ್ನಿಗೆ ಬರೆಯಬೇಕಾಗಿಲ್ಲ. 1988ರಿಂದ ಅವರದೇ ಪ್ರಾಧಿಕಾರ ಇದೆ, ಅಲ್ಲಿನ ಹೆರಾಲ್ಡ್‌ಗಳಿಗೆ ಫ್ರೇಸರ್, ಸಗನೇ ಎಂದು ನದಿಗಳ ಹೆಸರು. ಲಂಡನ್ನಿನ ಕಚೇರಿಗೆ ಹೋಗುವುದಾದರೆ ಸೋಮವಾರದಿಂದ ಶುಕ್ರವಾರದೊಳಗೆ ಹೋಗಿ, ಶನಿವಾರ ಗೇಟು ಹಾಕಿರುತ್ತದೆ.